ಐವತ್ತೋ, ಮೂವತ್ತೈದೋ?

ನಮ್ಮ ದೊಡ್ಡಪ್ಪನವರು ತೀರಿಕೊಂಡ ಮೂರನೆಯ ದಿನ ಮನೆಯಲ್ಲಿ ಒಂದು ಹುಡುಕಾಟ ಆರಂಭವಾಯಿತು. ಗೋಡೆಗೆ ಹಾಕಲು ಅವರದೊಂದು ಭಾವಚಿತ್ರ ಬೇಕಾಗಿತ್ತು. ಬೀರುವಿನಲ್ಲಿದ್ದ ಆಲ್ಬಂಗಳನ್ನೆಲ್ಲ ಹರವಿ ನೋಡಿದೆವು. ಮೂರು ಮನೆಗಳ ಫೋನುಗಳನ್ನು ಜಾಲಾಡಿದೆವು. ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಅರ್ಧ ಮುಖ. ಊಟದ ಪಂಕ್ತಿಯಲ್ಲಿ ಬಗ್ಗಿ ಬಡಿಸುತ್ತಿರುವ ಬೆನ್ನು. ನಡುಮನೆಯ ಮಬ್ಬಿನಲ್ಲಿ ಅಲುಗಿಹೋದ ಒಂದು ಆಕೃತಿ—ದೊರೆತದ್ದು ಇಷ್ಟೇ. ಕಡೆಗೆ ಪಿಂಚಣಿ ಪುಸ್ತಕದಲ್ಲಿ ಅಂಟಿಸಿದ್ದ ಅಂಚೆಚೀಟಿಯಷ್ಟು ಚಿತ್ರವನ್ನೇ ದೊಡ್ಡದು ಮಾಡಿಸಿ, ಕೋಟಿನ ಹೆಗಲ ಮೇಲೆ ಬಿದ್ದಿದ್ದ ಕಛೇರಿಯ ಮೊಹರನ್ನು ಅಳಿಸಿಸಿ, ಕಟ್ಟು ಹಾಕಿಸಿದೆವು. ಜೀವಮಾನವೆಲ್ಲ ನಗುತ್ತ ನಗಿಸುತ್ತ ಇದ್ದ ಆ ಮನುಷ್ಯ ಇಂದಿಗೂ ಆ ಚೌಕಟ್ಟಿನೊಳಗಿನಿಂದ, ಸಾಲ ಕೊಟ್ಟವರ ಹಾಗೆ ನಮ್ಮನ್ನು ದಿಟ್ಟಿಸುತ್ತಿದ್ದಾರೆ.

ಅಂದು ನನ್ನ ತಂಗಿಯ ಮಗಳು ಒಂದು ಮಾತು ಹೇಳಿದಳು: "ಮಾವ, ಅಜ್ಜಿಯ ವಿಷಯದಲ್ಲಿ ಹೀಗಾಗಬಾರದು."

ಅಜ್ಜಿ ಎಂದರೆ ನನ್ನ ದೊಡ್ಡಮ್ಮ. ಎಂಬತ್ತಾರು ವರ್ಷ. ಮೈಸೂರಿನ ಅಗ್ರಹಾರದ ಹಳೆಯ ಹೆಂಚಿನ ಮನೆಯನ್ನು ಬಿಟ್ಟು ಬರಲೊಲ್ಲರು. ಆ ಮನೆಯ ನಡುಮನೆಗೆ ಸೂರಿನಲ್ಲಿರುವ ಎರಡು ಗಾಜಿನ ಹೆಂಚುಗಳೇ ಹಗಲಿನ ಬೆಳಕು. ಸಂಜೆಯಾದರೆ ಒಂದು ಬಲ್ಬು, ದೇವರ ಮುಂದಿನ ದೀಪ. ಅವರ ಎರಡು ಕಣ್ಣುಗಳಿಗೂ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಕ್ಯಾಮರಾದ ಫ್ಲಾಶ್ ಬೆಳಗಿತೆಂದರೆ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು, "ಮಿಂಚು ಹೊಡೆಸಬೇಡವೇ ಮಗು" ಎಂದು ಎದ್ದೇ ಹೋಗುತ್ತಾರೆ.

ಹುಡುಗಿಯ ಬಳಿ ಕ್ಯಾಮರಾ ಇಲ್ಲದಿರಲಿಲ್ಲ. 2019ರಲ್ಲಿ ತನ್ನ ಮೊದಲ ವರ್ಷದ ಸಂಬಳದಲ್ಲಿ ಉಳಿಸಿ ಕೊಂಡ ನಿಕಾನ್ ಡಿ 3500 ಇತ್ತು. ಅದರೊಡನೆಯೇ ಬಂದ, 18ರಿಂದ 55 ಮಿಲಿಮೀಟರ್‌ವರೆಗೆ ಹಿಗ್ಗಿ ಕುಗ್ಗುವ ಜೂಮ್ ಲೆನ್ಸೂ ಇತ್ತು. ಅಂಥ ಕ್ಯಾಮರಾಗಳು ಇಂದು ಅದೆಷ್ಟೋ ಮನೆಗಳ ಬೀರುಗಳಲ್ಲಿ ನಿದ್ರಿಸುತ್ತಿವೆ. ಪ್ರವಾಸ ಹೋದಾಗ ಚೆನ್ನಾಗಿ ಚಿತ್ರ ತೆಗೆದ ಅದೇ ಯಂತ್ರ, ನಡುಮನೆಯೊಳಗೆ ದೊಡ್ಡಮ್ಮನನ್ನು ತೆಗೆಯಹೋದರೆ ಮಂಜು ಮಂಜು. ಕ್ಯಾಮರಾ ಕೆಟ್ಟಿತೆಂದೇ ಅವಳು ತಿಳಿದಿದ್ದಳು. ಕ್ಯಾಮರಾ ಕೆಟ್ಟಿರಲಿಲ್ಲ, ಅದರ ಕಣ್ಣು ಚಿಕ್ಕದಾಗಿತ್ತು, ಅಷ್ಟೆ.

ಕಿಂಡಿಯ ಲೆಕ್ಕ

ಲೆನ್ಸಿನ ಒಡಲಲ್ಲಿ ಬೆಳಕು ನುಗ್ಗುವ ಒಂದು ಕಿಂಡಿ ಉಂಟು. ಅದರ ಅಳತೆಯನ್ನು 'ಎಫ್' ಎಂಬ ಅಕ್ಷರದ ಮುಂದೆ ಒಂದು ಅಂಕಿಯಿಟ್ಟು ಹೇಳುವುದು ವಾಡಿಕೆ. ಈ ಅಂಕಿಯ ಕುಚೋದ್ಯವೇನೆಂದರೆ, ಅದು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಲೆನ್ಸಿನ ಸಂಗಮದೂರವನ್ನು ಈ ಅಂಕಿಯಿಂದ ಭಾಗಿಸಿದರೆ ಕಿಂಡಿಯ ಅಗಲ ದೊರೆಯುತ್ತದೆ. 50 ಮಿಲಿಮೀಟರಿನ ಲೆನ್ಸಿನಲ್ಲಿ ಎಫ್ 5.6 ಎಂದರೆ ಸುಮಾರು 9 ಮಿಲಿಮೀಟರ್, ಎಂದರೆ ಒಂದು ಕಡಲೆಕಾಳಿನಷ್ಟು ಅಗಲ. ಎಫ್ 1.8 ಎಂದರೆ ಸುಮಾರು 28 ಮಿಲಿಮೀಟರ್. ಮೊದಲನೆಯದರ ಮೂಲಕ ಒಂದು ಪಾಲು ಬೆಳಕು ಬಂದರೆ ಎರಡನೆಯದರ ಮೂಲಕ ಹತ್ತಿರ ಹತ್ತಿರ ಹತ್ತು ಪಾಲು ಬರುತ್ತದೆ.

ಜೂಮ್ ಲೆನ್ಸನ್ನು 50ರ ಹತ್ತಿರಕ್ಕೆ ಎಳೆದರೆ ಅದರ ಕಿಂಡಿ ಎಫ್ 5.6ರ ಆಸುಪಾಸಿಗಿಂತ ಹೆಚ್ಚು ತೆರೆಯದು. ಮಬ್ಬು ಬೆಳಕಿನಲ್ಲಿ ಅದಕ್ಕೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಬೇಕಾದರೆ, ಎಫ್ 1.8ರ ಲೆನ್ಸಿಗೆ ನೂರನೆಯ ಒಂದು ಭಾಗ ಸಾಕು. ಈ ಎರಡರ ನಡುವಿನ ಅಂತರದಲ್ಲಿಯೇ ವೃದ್ಧರ ಕೈನಡುಕ, ಮಕ್ಕಳ ತುಂಟತನ, ನಮ್ಮ ಉಸಿರಾಟ ಎಲ್ಲವೂ ಅಡಗಿವೆ. ಕ್ಯಾಮರಾದ ಗ್ರಹಣಶಕ್ತಿಯನ್ನು, ಎಂದರೆ ಐಎಸ್‌ಓ ಎಂಬ ಅಂಕಿಯನ್ನು ಏರಿಸಿಯೂ ಕಾಲವನ್ನು ಉಳಿಸಬಹುದು, ನಿಜ. ಆದರೆ ಬಹಳ ಏರಿಸಿದರೆ ಚಿತ್ರದ ಮೇಲೆ ರವೆ ಚೆಲ್ಲಿದಂತಾಗುತ್ತದೆ.

"ಇಷ್ಟೆಲ್ಲ ಏಕೆ? ಈಗಿನ ಫೋನೇ ಕತ್ತಲಲ್ಲಿ ಚಿತ್ರ ತೆಗೆಯುತ್ತದಲ್ಲ!" ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ತೆಗೆಯುತ್ತದೆ. ಅದು ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು, ಲೆಕ್ಕ ಹಾಕಿ, ಒಂದಾಗಿ ಬೆಸೆಯುತ್ತದೆ. ಅಂಗೈಯಗಲದ ಪರದೆಯಲ್ಲಿ ಅದು ಬಲು ಚೆಂದ. ಗೋಡೆಯ ಅಳತೆಗೆ ಹಿಗ್ಗಿಸಿದಾಗ ಅದೇ ಮುಖ ಅನೇಕ ವೇಳೆ ಮೇಣದ ಬೊಂಬೆಯಂತೆ ತೋರುತ್ತದೆ. ದೊಡ್ಡಮ್ಮನ ಕೆನ್ನೆಯ ಗೆರೆಗಳನ್ನು ಅಳಿಸುವ ಅಧಿಕಾರವನ್ನು ಫೋನಿಗೆ ಕೊಡಲು ನಮಗೆ ಮನಸ್ಸಾಗಲಿಲ್ಲ.

ಆದ್ದರಿಂದ ಪ್ರೈಮ್ ಲೆನ್ಸ್ ಬೇಕಾಯಿತು. ಹಿಗ್ಗದೆ ಕುಗ್ಗದೆ ಒಂದೇ ಸಂಗಮದೂರದಲ್ಲಿ ನಿಲ್ಲುವ ಲೆನ್ಸಿಗೆ ಈ ಹೆಸರು. ಚಲಿಸಬೇಕಾದ ಭಾಗಗಳು ಕಡಮೆಯಾದ್ದರಿಂದ ಅದನ್ನು ಹಗುರವಾಗಿ, ಅಗ್ಗವಾಗಿ, ಅಗಲವಾದ ಕಿಂಡಿಯೊಡನೆ ಮಾಡಲು ಸಾಧ್ಯ. ಹತ್ತಿರ ಬರಬೇಕಾದರೆ ಮಾತ್ರ ಉಂಗುರ ತಿರುಗಿಸುವ ಬದಲು ನಮ್ಮ ಕಾಲುಗಳನ್ನೇ ತಿರುಗಿಸಬೇಕು.

ಐವತ್ತರ ಕೀರ್ತಿ

ಯಾವ ಪ್ರೈಮ್ ಲೆನ್ಸ್? ಈ ಪ್ರಶ್ನೆಯನ್ನು ನಾಲ್ವರನ್ನು ಕೇಳಿದರೆ ಮೂವರು "ಐವತ್ತು" ಎನ್ನುತ್ತಾರೆ. ನಾನೂ ಹಾಗೆಯೇ ಹೇಳಿದೆ. ಛಾಯಾಗ್ರಹಣದ ನಾಲ್ಕು ಪುಸ್ತಕಗಳನ್ನು ತಿರುವಿಹಾಕಿದ ಸೋದರಮಾವನಿಗೆ ಇಷ್ಟೂ ಗೊತ್ತಿಲ್ಲದಿದ್ದರೆ ಹೇಗೆ!

ಐವತ್ತರ ಕೀರ್ತಿಗೆ ಕಾರಣವಿಲ್ಲದಿಲ್ಲ. 1896ರಲ್ಲಿ ಜರ್ಮನಿಯ ಯೇನಾ ಪಟ್ಟಣದ ಝೈಸ್ ಸಂಸ್ಥೆಯಲ್ಲಿ ಪೌಲ್ ರೂಡಾಲ್ಫ್ ಎಂಬಾತ ಆರು ಗಾಜುಗಳನ್ನು ನಡುವಿನ ಕಿಂಡಿಯ ಇಕ್ಕೆಲಗಳಲ್ಲಿ, ಕನ್ನಡಿಯಲ್ಲಿ ಕಂಡಂತೆ ಎದುರುಬದುರಾಗಿ ಜೋಡಿಸಿ ಪ್ಲಾನರ್ ಎಂಬ ಲೆನ್ಸನ್ನು ರಚಿಸಿದ. ಗಾಜಿನ ಮೇಲ್ಮೈಗಳಲ್ಲಿ ಬೆಳಕು ಪ್ರತಿಫಲಿಸಿ ಚಿತ್ರ ಮಸುಕಾಗುತ್ತಿದ್ದುದರಿಂದ ಅದು ಬಹುಕಾಲ ಮೂಲೆಗೆ ಬಿದ್ದಿತ್ತು. 1930ರ ದಶಕದಲ್ಲಿ ಅದೇ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ಗಾಜಿಗೆ ತೆಳುವಾದ ಲೇಪವನ್ನು ಬಳಿದು ಆ ಪ್ರತಿಫಲನವನ್ನು ತಗ್ಗಿಸುವ ಮಾರ್ಗವನ್ನು ಕಂಡುಹಿಡಿದ ಮೇಲೆ, ರೂಡಾಲ್ಫನ ರಚನೆಗೆ ಮರುಜನ್ಮ ಬಂದಿತು. ಇಂದು ಅಂಗಡಿಗಳಲ್ಲಿ ದೊರೆಯುವ ಅಗ್ಗದ ಎಫ್ 1.8ರ ಐವತ್ತುಗಳು ಆ ವಂಶದ ಮೊಮ್ಮಕ್ಕಳೇ.

ಇತ್ತ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಜನರೆದುರಿಗೆ ಬಂದ ಲೈಕಾ ಎಂಬ ಪುಟ್ಟ ಕ್ಯಾಮರಾಕ್ಕೆ ತೊಡಿಸಿದ್ದುದು 50 ಮಿಲಿಮೀಟರಿನ ಲೆನ್ಸು. ಫ್ರಾನ್ಸಿನ ಆನ್ರಿ ಕಾರ್ತಿಯೆ ಬ್ರೆಸೋನ್ ತನ್ನ ಹೆಸರಾಂತ ಚಿತ್ರಗಳಲ್ಲಿ ಬಹುಪಾಲನ್ನು ಲೈಕಾ ಮತ್ತು ಒಂದು ಐವತ್ತರಿಂದಲೇ ತೆಗೆದ. ಸ್ಟಾನ್ಲಿ ಕೂಬ್ರಿಕ್ 1975ರ 'ಬ್ಯಾರಿ ಲಿಂಡನ್' ಚಲನಚಿತ್ರದಲ್ಲಿ ಮೇಣದ ಬತ್ತಿಗಳ ಬೆಳಕಿನಲ್ಲಿಯೇ ದೃಶ್ಯಗಳನ್ನು ಚಿತ್ರಿಸಲು ಬಳಸಿದ್ದು, ಅಮೆರಿಕೆಯ ಬಾಹ್ಯಾಕಾಶ ಸಂಸ್ಥೆಗಾಗಿ ಝೈಸ್ ತಯಾರಿಸಿದ್ದ ಎಫ್ 0.7ರ ಒಂದು ಐವತ್ತನ್ನು. ಇಷ್ಟು ಕೇಳಿದ ಮೇಲೆ ಯಾರಿಗೆ ತಾನೇ ಐವತ್ತು ಬೇಡವಾದೀತು? ದೀಪದ ಬೆಳಕಿನಲ್ಲಿ ದೊಡ್ಡಮ್ಮ!

ಒಂದು ಸಂಗತಿಯನ್ನು ನಾನು ಮರೆತಿದ್ದೆ. ಬ್ರೆಸೋನನ ಫಿಲ್ಮಿನ ಚೌಕ 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಆರಂಭದ ದರ್ಜೆಯ ಡಿಎಸ್‌ಎಲ್‌ಆರ್ ಕ್ಯಾಮರಾದೊಳಗೆ ಫಿಲ್ಮಿನ ಜಾಗದಲ್ಲಿರುವ ಸೆನ್ಸರ್ ಎಂಬ ಫಲಕ ಅದಕ್ಕಿಂತ ಚಿಕ್ಕದು. ನಿಕಾನ್‌ನಲ್ಲಿ ಅದರ ಅಗಲ 23.5 ಮಿಲಿಮೀಟರ್, ಕ್ಯಾನನ್‌ನಲ್ಲಿ ಇನ್ನೂ ಒಂದಿಷ್ಟು ಕಡಮೆ. ಲೆನ್ಸು ಬಿಡಿಸಿದ ಚಿತ್ರದ ಅಂಚುಗಳೆಲ್ಲ ಫಲಕದ ಹೊರಗೆ ಬಿದ್ದು ಹೋಗಿ, ನಟ್ಟನಡುವಿನ ಭಾಗ ಮಾತ್ರ ನಮಗೆ ಉಳಿಯುತ್ತದೆ. ಇದರಿಂದ ಐವತ್ತು ಇಲ್ಲಿ ಎಪ್ಪತ್ತೈದರಂತೆ ನಡೆದುಕೊಳ್ಳುತ್ತದೆ. ಬ್ರೆಸೋನನ ಐವತ್ತು ಕಂಡಷ್ಟು ಲೋಕವನ್ನು ಈ ಕ್ಯಾಮರಾದಲ್ಲಿ ಕಾಣಬೇಕಾದರೆ ಬೇಕಾದದ್ದು ಮೂವತ್ತೈದು. ಹೆಸರಿನ ಬೆನ್ನು ಹತ್ತಿದವರು ಅವನ ಸಂಖ್ಯೆಯನ್ನು ಕೊಳ್ಳುತ್ತಾರೆ, ಅವನ ನೋಟ ಅವರಿಗೆ ಸಿಕ್ಕುವುದಿಲ್ಲ.

ಗೋಡೆ ಅಡ್ಡ ಬಂದಿತು

ಈ ಜ್ಞಾನ ನನಗೆ ಪುಸ್ತಕದಿಂದ ಬರಲಿಲ್ಲ. ಅಗ್ರಹಾರದ ಮನೆಯ ಗೋಡೆಗೆ ಬೆನ್ನು ತಾಗಿದಾಗ ಬಂದಿತು.

ಕೊಳ್ಳುವ ಮುನ್ನ ಪರೀಕ್ಷಿಸೋಣವೆಂದು ಸ್ನೇಹಿತರೊಬ್ಬರಿಂದ ಅವರ ಹಳೆಯ ನಿಕಾನ್ ಎಎಫ್-ಡಿ ಐವತ್ತನ್ನು ಎರವಲು ತಂದಿದ್ದೆ. ನವರಾತ್ರಿಯ ರಜೆ. ದೊಡ್ಡಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕುಳಿತು, ಬರುವ ಕಾರ್ತಿಕದ ಲಕ್ಷಬತ್ತಿಗಾಗಿ ಹತ್ತಿ ಹೊಸೆಯುತ್ತಿದ್ದರು. ಹುಡುಗಿ ಲೆನ್ಸನ್ನು ತೊಡಿಸಿ ಗುಂಡಿಯನ್ನು ಅರ್ಧ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಲೆನ್ಸು ಕದಲಲಿಲ್ಲ. ಸ್ನೇಹಿತರ ಸೊತ್ತನ್ನು ಹಾಳು ಮಾಡಿದೆವೆಂದು ನನ್ನ ಎದೆ ಧಸಕ್ಕೆಂದಿತು.

ಆಮೇಲೆ ತಿಳಿಯಿತು: ಹಳೆಯ ಎಎಫ್ ಮತ್ತು ಎಎಫ್-ಡಿ ಲೆನ್ಸುಗಳೊಳಗೆ ಮೋಟಾರಿಲ್ಲ, ಅವನ್ನು ತಿರುಗಿಸುವ ಮೋಟಾರು ಕ್ಯಾಮರಾದ ಒಡಲಲ್ಲಿ ಇರಬೇಕು. ನಿಕಾನ್‌ನ ಡಿ 3000 ಮತ್ತು ಡಿ 5000 ಸಾಲಿನ ಕ್ಯಾಮರಾಗಳಲ್ಲಿ, ಎಂದರೆ ಡಿ 3500, ಡಿ 5600 ಮುಂತಾದವುಗಳಲ್ಲಿ, ಅದು ಇಲ್ಲ. ಅಂಥವರು ಎಎಫ್-ಎಸ್ ಎಂದು ಬರೆದ ಲೆನ್ಸನ್ನೇ ಕೊಳ್ಳತಕ್ಕದ್ದು. ಎಎಫ್-ಡಿ ಅಗ್ಗಕ್ಕೆ ದೊರೆಯಿತೆಂದು ಹಿಗ್ಗಿದರೆ, ಅದರ ಅಂಕಿಯುಂಗುರವನ್ನು 22ಕ್ಕೆ ತಿರುಗಿಸಿ ಬಿಗಿದು, ದೃಷ್ಟಿಯನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ. ಕ್ಯಾನನ್‌ನವರಿಗೆ ಈ ತೊಡಕಿಲ್ಲ. ಅವರ ಇಎಫ್ ಲೆನ್ಸುಗಳಲ್ಲಿ ಮೋಟಾರು ಒಳಗೇ ಉಂಟು.

ಹುಡುಗಿ ಹಟಗಾರ್ತಿ. ಕೈಯಿಂದಲೇ ಉಂಗುರ ತಿರುಗಿಸಿ, ನೋಡುಗಿಂಡಿಯೊಳಗೆ ಹಸಿರು ಚುಕ್ಕೆ ಬೆಳಗುವವರೆಗೆ ಕಾದು, ನಾಲ್ಕಾರು ಚಿತ್ರ ತೆಗೆದಳು. ಮುಖ ಸೊಗಸಾಗಿ ಮೂಡಿತ್ತು, ಸುಳ್ಳು ಹೇಳಲಾರೆ. ಆದರೆ ಮುಖ ಮಾತ್ರ. ಹೊಸೆಯುವ ಕೈಗಳು, ಹತ್ತಿಯ ತಟ್ಟೆ, ಮುಂದಿನ ದೀಪ, ಯಾವುದೂ ಬರಲಿಲ್ಲ. "ಹಿಂದಕ್ಕೆ ಹೋಗಮ್ಮ" ಎಂದೆ. "ಎಲ್ಲಿಗೆ ಹೋಗಲಿ ಮಾವ, ಗೋಡೆಯೊಳಕ್ಕೇ?" ಎಂದಳು. ದೊಡ್ಡಮ್ಮನಿಗೂ ಅವಳಿಗೂ ನಡುವೆ ಇದ್ದುದು ಆರೇ ಅಡಿ.

ಲೆಕ್ಕ ಬಹಳ ಸುಲಭ; ಮೊದಲೇ ಹಾಕಬಹುದಿತ್ತು. ಈ ಬಗೆಯ ಕ್ಯಾಮರಾದಲ್ಲಿ ಆರಡಿ ದೂರದಿಂದ, ಕ್ಯಾಮರಾವನ್ನು ನಿಲುವಾಗಿ ಹಿಡಿದರೆ, ಐವತ್ತಕ್ಕೆ ಕಾಣುವುದು ಎರಡು ಮುಕ್ಕಾಲು ಅಡಿ ಎತ್ತರ ಮತ್ತು ಎರಡಡಿಗೂ ಕಡಮೆ ಅಗಲದಷ್ಟು ಜಾಗ. ಮೂವತ್ತೈದಕ್ಕೆ ನಾಲ್ಕಡಿ ಎತ್ತರ, ಎರಡೂಮುಕ್ಕಾಲು ಅಡಿಯಷ್ಟು ಅಗಲ. ಹಬ್ಬದ ದಿನ ಸೋಫಾದ ಮೇಲೂ ಪಕ್ಕದಲ್ಲೂ ಮನೆಮಂದಿ ಎಂಟಡಿ ಅಗಲಕ್ಕೆ ಕೂತರೆನ್ನಿ: ಅಷ್ಟನ್ನು ಹಿಡಿಯಲು ಮೂವತ್ತೈದಕ್ಕೆ ಹನ್ನೆರಡು ಅಡಿ ದೂರ ಬೇಕು, ಐವತ್ತಕ್ಕೆ ಹದಿನೇಳು. ಬೆಂಗಳೂರಿನ ಎರಡು ಕೋಣೆಯ ಫ್ಲಾಟಿನಲ್ಲಿ ಹದಿನೇಳು ಅಡಿ ಹಿಂದಕ್ಕೆ ಹೋದವನು ಎದುರುಮನೆಯವರ ಬಾಗಿಲು ತಟ್ಟಿರುತ್ತಾನೆ!

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಆರಂಭದ ದರ್ಜೆಯ ಡಿಎಸ್‌ಎಲ್‌ಆರ್ ಉಳ್ಳ ಸಂಸಾರವಂದಿಗರು ಒಂದೇ ಒಂದು ಪ್ರೈಮ್ ಲೆನ್ಸ್ ಕೊಳ್ಳುವುದಾದರೆ, ಐವತ್ತಕ್ಕಿಂತ ಮೂವತ್ತೈದೇ ಮೇಲು. ಒಬ್ಬೊಬ್ಬರ ಮುಖವೇ ಗುರಿಯಾದವರಿಗೆ, ಹಿತ್ತಲು ಜಗಲಿಗಳ ವಿಸ್ತಾರವುಳ್ಳವರಿಗೆ ಐವತ್ತು ಒಪ್ಪುತ್ತದೆ. ಮೂವತ್ತೈದನ್ನು ಹಿಡಿದು ಮುಖಕ್ಕೆ ತೀರ ಹತ್ತಿರ ಹೋದರೆ ಮೂಗು ಉಬ್ಬಿದಂತೆ ಕಾಣುವುದೂ ನಿಜವೇ. ಮಗಳ ಭರತನಾಟ್ಯವನ್ನು ಸಭಾಂಗಣದ ಹತ್ತನೆಯ ಸಾಲಿನಿಂದ ತೆಗೆಯಬೇಕೆನ್ನುವವರಿಗೆ ಇವೆರಡೂ ಉಪಯೋಗವಿಲ್ಲ.

ನನ್ನ ಮಾತನ್ನೂ ನಂಬಬೇಕಾಗಿಲ್ಲ. ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಉಂಟು. ಮನೆಯಲ್ಲಿರುವ ಜೂಮ್ ಲೆನ್ಸಿನ ಉಂಗುರವನ್ನು 35ಕ್ಕೆ ತಿರುಗಿಸಿ, ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನು ಸುತ್ತಿ, ಒಂದು ವಾರ ಅದನ್ನು ಮುಟ್ಟದೆ ಚಿತ್ರ ತೆಗೆಯಿರಿ. ಮರುವಾರ 50ರ ಬಳಿ ಹಾಗೆಯೇ ಮಾಡಿ. ಯಾವ ವಾರ ಹೆಚ್ಚು ಗೊಣಗಿದಿರೆಂಬುದನ್ನು ಮನೆಯವರೇ ಹೇಳುತ್ತಾರೆ. ಅಲ್ಲದೆ, ಪ್ರತಿಯೊಂದು ಚಿತ್ರದ ಒಳಗೂ ಅದನ್ನು ಯಾವ ಸಂಗಮದೂರದಲ್ಲಿ ತೆಗೆದದ್ದೆಂಬ ದಾಖಲೆ ತಾನಾಗಿಯೇ ಉಳಿದಿರುತ್ತದೆ. ಕಂಪ್ಯೂಟರಿನಲ್ಲಿ ಚಿತ್ರದ ವಿವರಗಳನ್ನು ತೆರೆದರೆ ಕಾಣುತ್ತದೆ. ನಮ್ಮ ಹುಡುಗಿ ಒಂದು ಭಾನುವಾರ ಕುಳಿತು ತನ್ನ ಹಳೆಯ ಚಿತ್ರಗಳ ಲೆಕ್ಕ ತೆಗೆದಳು. ಮನೆಯೊಳಗೆ ತೆಗೆದವುಗಳಲ್ಲಿ 45ನ್ನು ದಾಟಿದ್ದು ತೀರ ಕಡಮೆ.

ಅಂಗಡಿಗೆ ಹೋಗುವ ಮುನ್ನ

ನಿಕಾನ್‌ನವರಿಗೆ ದಾರಿ ನೇರವಾಗಿದೆ: ಈ ಚಿಕ್ಕ ಫಲಕಕ್ಕೆಂದೇ 2009ರಲ್ಲಿ ಹೊರಬಂದ ಎಎಫ್-ಎಸ್ ಡಿಎಕ್ಸ್ 35 ಎಫ್ 1.8. ತೂಕ 200 ಗ್ರಾಂ. ಒಂದಡಿ ಹತ್ತಿರದವರೆಗೂ ದೃಷ್ಟಿ ಕೂಡುತ್ತದೆ. ಕ್ಯಾನನ್‌ನವರ ಸ್ಥಿತಿ ಅಷ್ಟು ಸರಳವಲ್ಲ. ಅವರಲ್ಲಿ ಅಗ್ಗವೂ ಪ್ರಸಿದ್ಧವೂ ಆದದ್ದು 2015ರ ಐವತ್ತು, ಎಫ್ 1.8. ಕೋಣೆಯೊಳಗಿನ ಬಳಕೆಗೆ ಒಪ್ಪುವುದು ರೊಟ್ಟಿಯಂತೆ ಚಪ್ಪಟೆಯಾಗಿರುವ 24, ಎಫ್ 2.8, ನೋಟ ವಿಶಾಲ, ಒಯ್ಯುವುದು ಹಗುರ, ಆದರೆ ಬೆಳಕಿನಲ್ಲಿ ಅದು ಜೂಮ್ ಲೆನ್ಸಿಗಿಂತ ಸುಮಾರು ಎರಡರಷ್ಟು ಮಾತ್ರ ಉದಾರ. ಕತ್ತಲೆಯ ಮನೆಯೇ ಮುಖ್ಯ ತೊಂದರೆಯಾದರೆ ಐವತ್ತನ್ನೇ ತೆಗೆದುಕೊಂಡು ಗೋಡೆಯೊಡನೆ ರಾಜಿ ಮಾಡಿಕೊಳ್ಳಬೇಕು.

ಕನ್ನಡಿಯಿರುವ ಈ ಡಿಎಸ್‌ಎಲ್‌ಆರ್ ಜಾತಿಯ ಕಾಲವೇ ಮುಗಿಯುತ್ತ ಬಂದಿತಲ್ಲ, ಈಗ ಲೆನ್ಸಿಗೆ ಹಣ ಸುರಿಯುವುದು ಜಾಣತನವೇ ಎಂಬ ಶಂಕೆಯೂ ಸಹಜವೇ. ಡಿ 3500 ಈಗ ತಯಾರಾಗುತ್ತಿಲ್ಲ. ದೊಡ್ಡ ಕಂಪನಿಗಳ ಗಮನವೆಲ್ಲ ಕನ್ನಡಿಯಿಲ್ಲದ ಮಾದರಿಗಳತ್ತ ಹರಿದಿದೆ. ಆದರೂ ಎಎಫ್-ಎಸ್ ಮತ್ತು ಇಎಫ್ ಲೆನ್ಸುಗಳನ್ನು ಆಯಾ ಕಂಪನಿಯ ಅಡಾಪ್ಟರ್ ಎಂಬ ನಡುಬಳೆಯ ಮೂಲಕ ಆ ಹೊಸ ಕ್ಯಾಮರಾಗಳಿಗೂ ತೊಡಿಸಬಹುದು. ಜನ ಹಳೆಯದನ್ನು ಮಾರುತ್ತಿರುವುದರಿಂದ ಬಳಸಿದ ಲೆನ್ಸು ಹುಡುಕುವವರಿಗೆ ಇದು ಅನುಕೂಲದ ಕಾಲವೇ ಸರಿ.

ಬಳಸಿದ್ದನ್ನು ಕೊಳ್ಳುವವರು ಒಂದು ಟಾರ್ಚನ್ನು ಜೊತೆಗೆ ಒಯ್ಯತಕ್ಕದ್ದು. ಲೆನ್ಸಿನ ಹಿಂದಿನಿಂದ ಬೆಳಕು ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ. ಜೇಡರ ಬಲೆಯಂತೆ, ಬೇರು ಬಿಟ್ಟಂತೆ ಕವಲೊಡೆದ ಬಿಳಿಯ ಎಳೆಗಳು ಕಂಡರೆ ಮಾತ್ರ ಬೆಲೆ ಎಷ್ಟೇ ಇರಲಿ, ನಮಸ್ಕಾರ ಹೇಳಿ ಹೊರಡಿ. ಅದು ಬೂಷ್ಟು, ಗಾಜಿನ ಲೇಪವನ್ನೇ ತಿನ್ನುತ್ತದೆ. ಕರಾವಳಿ ಮಲೆನಾಡುಗಳಲ್ಲಿ ಒಂದು ಮಳೆಗಾಲ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಈ ಪೀಡೆ ಹತ್ತುವುದು ಅಪರೂಪವಲ್ಲ. ಬಿಗಿಮುಚ್ಚಳದ ಡಬ್ಬಿ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ ಇವಿಷ್ಟಿದ್ದರೆ ಸಾಕು.

ಕೊಂಡು ತಂದ ಮೊದಲ ದಿನವೇ ನಿರಾಶರಾಗುವವರುಂಟು. ಹೊಸ ಹುರುಪಿನಲ್ಲಿ ಕಿಂಡಿಯನ್ನು ಪೂರ್ತಿ ತೆರೆದು ಮೂಗಿನೆದುರಿಗೆ ಹಿಡಿದರೆ, ಒಂದು ಕಣ್ಣು ಮಾತ್ರ ಸ್ಫುಟವಾಗಿ, ಇನ್ನೊಂದು ಕಣ್ಣು ಮಂಜಾಗಿರುತ್ತದೆ. ಒಂದು ಮೀಟರ್ ದೂರದಲ್ಲಿ ಮೂವತ್ತೈದರ ಎಫ್ 1.8ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಆರು ಸೆಂಟಿಮೀಟರ್. ಐವತ್ತಕ್ಕೆ ಅದರ ಅರ್ಧ. ಎರಡು ಹೆಜ್ಜೆ ಹಿಂದೆ ಸರಿದು, ಕಿಂಡಿಯನ್ನು ಎಫ್ 2.8ರ ಬಳಿ ಇಟ್ಟು, ದೃಷ್ಟಿಯ ಚುಕ್ಕೆಯನ್ನು ಹತ್ತಿರದ ಕಣ್ಣಿನ ಮೇಲೆ ಕೂಡಿಸಿದರೆ ಹತ್ತರಲ್ಲಿ ಎಂಟು ಚಿತ್ರಗಳು ಉಳಿದುಕೊಳ್ಳುತ್ತವೆ. ಈ ಲೆನ್ಸುಗಳಲ್ಲಿ ಕೈನಡುಕವನ್ನು ತಡೆಯುವ ಏರ್ಪಾಡಿಲ್ಲ; ಷಟರಿನ ವೇಗವನ್ನು ಅರವತ್ತನೆಯ ಒಂದು ಭಾಗಕ್ಕಿಂತ ಕೆಳಗಿಳಿಸದಿರುವುದು ಒಳ್ಳೆಯದು.

ಹುಡುಗಿ ಮೂವತ್ತೈದನ್ನು ಕೊಂಡಳು. ಐವತ್ತನ್ನು ಸ್ನೇಹಿತರಿಗೆ ಹಿಂದಿರುಗಿಸಿ, ನನ್ನ ಪಾಂಡಿತ್ಯವನ್ನೂ ಅದರೊಡನೆಯೇ ಕೊಟ್ಟು ಬಂದೆ.

ಕಾರ್ತಿಕದ ಮೊದಲ ಸೋಮವಾರ ನಾವಿಬ್ಬರೂ ಅಗ್ರಹಾರದ ಮನೆಯಲ್ಲಿದ್ದೆವು. ಸಂಜೆ ಆರೂವರೆ. ದೊಡ್ಡಮ್ಮ ಅದೇ ಗೋಡೆಗೊರಗಿ, ಕಾಲು ಚಾಚಿ ಕುಳಿತಿದ್ದರು. ಹುಡುಗಿ ಎದುರಿನ ಗೋಡೆಗೆ ಬೆನ್ನು ಕೊಟ್ಟು, ಅವರ ಮಟ್ಟಕ್ಕೆ ನೆಲದ ಮೇಲೆಯೇ ಕುಳಿತಳು. ಮಾತು ನಡೆದೇ ಇತ್ತು: ಹತ್ತಿಯ ಬೆಲೆ, ಪಕ್ಕದ ಮನೆಯ ಮಗುವಿನ ನಾಮಕರಣ, ದೊಡ್ಡಪ್ಪನವರು ಒಂದು ವರ್ಷ ದೀಪದೆಣ್ಣೆಯೆಂದು ಹರಳೆಣ್ಣೆಯ ಬದಲು ಬೇವಿನೆಣ್ಣೆ ತಂದ ಕಥೆ. ಆ ಕಥೆಯ ಕೊನೆಯಲ್ಲಿ ದೊಡ್ಡಮ್ಮ ತಾವೇ ನಕ್ಕರು. ಷಟರಿನ ಸದ್ದು ಒಂದೇ ಒಂದು ಬಾರಿ ಕೇಳಿಸಿತು. ಮಿಂಚು ಹೊಡೆಯಲಿಲ್ಲವಾದ್ದರಿಂದ ಚಿತ್ರ ತೆಗೆದದ್ದೇ ಅವರಿಗೆ ಗೊತ್ತಾಗಲಿಲ್ಲ.

ಮುಂದಿನ ವಾರ ಅದನ್ನು ಹನ್ನೆರಡು ಅಂಗುಲಕ್ಕೆ ಮುದ್ರಿಸಿ ತಂದು ಅವರ ಕೈಗೆ ಕೊಟ್ಟೆವು. ನಗುವ ಮುಖ, ದೀಪ, ತಟ್ಟೆ, ಹೆಬ್ಬೆರಳು ತೋರುಬೆರಳುಗಳ ನಡುವೆ ಇನ್ನೂ ಪೂರ್ತಿಯಾಗದ ಒಂದು ಬತ್ತಿ. ದೊಡ್ಡಮ್ಮ ಕನ್ನಡಕವನ್ನು ಏರಿಸಿಕೊಂಡು, ಚಿತ್ರವನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಮುಖದ ವಿಷಯ ಏನೂ ಹೇಳಲಿಲ್ಲ.

"ಈ ಬತ್ತಿ ಸ್ವಲ್ಪ ದಪ್ಪವಾಯಿತು ಕಣೇ" ಎಂದರು. "ಇದನ್ನು ಲಕ್ಷದ ಲೆಕ್ಕಕ್ಕೆ ಹಿಡಿಯಬಾರದು." ಚಿತ್ರವನ್ನು ಮಗ್ಗುಲಲ್ಲಿ ಇಟ್ಟುಕೊಂಡು, ಹತ್ತಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.